ಎಲ್ಲರಿಗೂ ತೆರೆದ ಪುಟ

ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಆಸುಪಾಸಿನಲ್ಲಿ ಯಾರದಾದರೂ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಪುಟ ತೆರೆಯದೆ ಹಟ ಹಿಡಿದರೆ, ಜನ ಅವರನ್ನು ಏಕಾಂತಯ್ಯನವರ ಜೆರಾಕ್ಸ್ ಅಂಗಡಿಗೆ ಕಳಿಸುತ್ತಾರೆ. ಜೆರಾಕ್ಸ್ ಮಾಡುವವರು ಏಕಾಂತಯ್ಯ. ಪುಟ ತೆರೆಸುವವಳು, ಅದೇ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತಿರುವ ಯಮುನಾ. ವಯಸ್ಸು ಐವತ್ತು. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು, ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಕರೆಂಟ್ ಬಿಲ್ಲು, ಖಾತಾ ಅರ್ಜಿ, ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೆಟ್ಟು, ಪಿಂಚಣಿ, ಹೀಗೆ ಏನೇನೋ ಹಿಡಿದುಕೊಂಡು ಬಂದವರು ಆ ಕುರ್ಚಿಗಳಲ್ಲಿ ಕೂತು, ಅವಳ ಮುಖ ನೋಡುತ್ತಾ ಕಾಯುತ್ತಾರೆ.

ಅವಳು ಆತುರಪಡುವುದಿಲ್ಲ. ಮೊದಲು ವಿಳಾಸವನ್ನು ಒಂದೊಂದೇ ಅಕ್ಷರ ಓದುತ್ತಾಳೆ. ಎಷ್ಟೋ ಸಲ ಒಂದು ಅಕ್ಷರ ಹೆಚ್ಚುಕಡಿಮೆಯಾಗಿರುವುದೇ ತೊಂದರೆ. ಆಮೇಲೆ ಫೋನಿನ ತಾರೀಖು, ಗಂಟೆ ಸರಿ ಇವೆಯೇ ಎಂದು ನೋಡುತ್ತಾಳೆ. ಅದು ತನ್ನೊಳಗೆ ಕೂಡಿಟ್ಟುಕೊಂಡ ಹಳೆಯ ಸರಕನ್ನು ಅಳಿಸುತ್ತಾಳೆ. ಬೇರೆ ಬ್ರೌಸರಿನಲ್ಲಿ ನೋಡುತ್ತಾಳೆ. ವೈಫೈ ಡಬ್ಬಿಯನ್ನು ಆರಿಸಿ, ನೂರು ಎಣಿಸಿ, ಮತ್ತೆ ಹಚ್ಚುತ್ತಾಳೆ. ಅದಕ್ಕೂ ಬಗ್ಗದಿದ್ದರೆ ತನ್ನ ಫೋನಿನ ನೆಟ್ ಕೊಟ್ಟು ನೋಡುತ್ತಾಳೆ, ಏಕಾಂತಯ್ಯನವರ ಫೋನು ಇಸಕೊಂಡು ನೋಡುತ್ತಾಳೆ. ಇಷ್ಟೂ ಆದ ಮೇಲೆಯೇ, ತೊಂದರೆ ಆ ಕಡೆಯದು ಎಂದು ಹೇಳುವುದು. ಹೇಳುವಾಗಲೂ, ಬೇರೆ ಕಡೆ ಒಂದ್ಸಲ ತೋರ್ಸಿ, ನನ್ನ ಮಾತೇ ಕೊನೆ ಅಂದ್ಕೋಬೇಡಿ ಎಂದು ಸೇರಿಸಿಯೇ ಕಳಿಸುತ್ತಾಳೆ. ಊರಲ್ಲೆಲ್ಲ ಕಚೇರಿ ಕಿಟಕಿಗಳಿಂದ ದಿನಕ್ಕೆ ಸಾವಿರ ಸಲ ಕೇಳಿಬರುವ ‘ಸರ್ವರ್ ಡೌನ್’ ಎಂಬ ಎರಡು ಪದ ಅವಳ ಬಾಯಿಂದ ಹೊರಟಿದ್ದನ್ನು ಏಕಾಂತಯ್ಯ ಇದುವರೆಗೆ ಕೇಳಿಲ್ಲ. ಯಾಕಮ್ಮ ಹೀಗೆ ಎಂದು ಅವರು ಒಮ್ಮೆ ಕೇಳಿದ್ದರು. ಅಭ್ಯಾಸ ಸಾರ್ ಎಂದಿದ್ದಳು.

ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ.

ಯಮುನಾಳ ಅಪ್ಪ ಬಚ್ಚಪ್ಪ ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದವರು. ಅವಳು ಶಾಲೆಗೆ ಹೋಗುವ ಮುಂಚೆ ಸಬ್ಬಸಿಗೆ, ದಂಟು, ಕೊತ್ತಂಬರಿ ಕಟ್ಟು ಕಟ್ಟಿಟ್ಟು ಹೋಗುತ್ತಿದ್ದಳು. ಕೈಯಿಂದ ಹಸಿ ವಾಸನೆ ಎರಡನೇ ಪೀರಿಯಡ್ಡಿನ ತನಕ ಹೋಗುತ್ತಿರಲಿಲ್ಲ. ಪಿಯುಸಿ ಮುಗಿಸಿ ಟೈಪಿಂಗ್ ಕಲಿತಳು, ಆಮೇಲೆ ಕಂಪ್ಯೂಟರ್ ಕಲಿತಳು. ಮದುವೆಯಾದದ್ದು ಕಲಾಸಿಪಾಳ್ಯದಲ್ಲಿ ತರಕಾರಿ ವ್ಯಾಪಾರ ಮಾಡುವ ಶಿವಶಂಕರನನ್ನು. ಅವನು ಒಳ್ಳೆಯವನು, ಮಾತು ಕಡಿಮೆ. ತರಕಾರಿ ನನಗಿರಲಿ, ನಿನಗೆ ಬಂದಿರೋ ವಿದ್ಯೆ ಯಾಕೆ ಹಾಳು ಮಾಡ್ಕೋತೀಯ ಎಂದು ಅವನೇ ಮುಂದೆ ನಿಂತು, ಮಲ್ಲೇಶ್ವರದಲ್ಲೇ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಅವಳಿಗೆ ಬ್ರೌಸಿಂಗ್ ಸೆಂಟರ್ ಹಾಕಿಸಿಕೊಟ್ಟ. ಆರು ಕಂಪ್ಯೂಟರು. ಒಂದು ಅವಳ ಮೇಜಿನ ಮೇಲೆ, ಅದನ್ನು ಮೇನ್ ಸಿಸ್ಟಮ್ ಎನ್ನುತ್ತಿದ್ದರು. ಉಳಿದ ಐದಕ್ಕೂ ಇಂಟರ್‌ನೆಟ್ ಅದರ ಮೂಲಕವೇ ಹೋಗಬೇಕು. ಅಕ್ಕಪಕ್ಕದಲ್ಲಿ ಕಾಲೇಜುಗಳಿದ್ದವು. ಅಂಗಡಿ ನಡೆಯಿತು.

ಆ ದಿನ ಬಂದದ್ದು 2013ರ ಮಳೆಗಾಲದಲ್ಲಿ. ವೃತ್ತಿಶಿಕ್ಷಣದ ಸೀಟಿಗೆ ಯಾವ ಕಾಲೇಜು ಬೇಕು ಎಂದು ಆಯ್ಕೆ ತುಂಬಲು ಅಂದೇ ಕಡೆಯ ದಿನ, ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ. ಬೆಳಿಗ್ಗೆಯಿಂದಲೇ ಮಕ್ಕಳು, ಅಪ್ಪಂದಿರು, ಮಾವಂದಿರು ಮೆಟ್ಟಿಲ ಮೇಲೆ ಸಾಲು ನಿಂತಿದ್ದರು. ಪುಟ ಆಮೆಯ ಹಾಗೆ ತೆವಳುತ್ತಿತ್ತು. ಹನ್ನೆರಡು ಗಂಟೆಯ ಹೊತ್ತಿಗೆ ಪೂರ್ತಿ ನಿಂತೇಹೋಯಿತು. ಬಿಳಿ ಪರದೆ, ಅದರ ಮೇಲೆ ಪುಟವನ್ನು ತೋರಿಸಲಾಗುತ್ತಿಲ್ಲ ಎಂಬ ಇಂಗ್ಲಿಷಿನ ಒಂದು ಸಾಲು. ಯಮುನಾ ಎಲ್ಲರಿಗೂ ಹೇಳಿದ್ದು ಒಂದೇ ಮಾತು: ಸರ್ವರ್ ಡೌನ್. ಕೆಲವರು ಶಪಿಸುತ್ತಾ ಹೋದರು, ಕೆಲವರು ಬೇರೆ ಅಂಗಡಿ ಹುಡುಕಿಕೊಂಡು ಹೋದರು.

ಎರಡೂವರೆಗೆ ಒಬ್ಬ ಹುಡುಗಿ ಒಬ್ಬಳೇ ಬಂದಳು. ಎರಡು ಜಡೆ, ಎದೆಗವಚಿಕೊಂಡ ಪ್ಲಾಸ್ಟಿಕ್ ಫೈಲು, ಮಳೆಯಲ್ಲಿ ನೆನೆದ ಚಪ್ಪಲಿ. ರಿಜಿಸ್ಟರಿನಲ್ಲಿ ಹೆಸರು, ವಿಳಾಸ ಬರೆದಳು: ನಂದಿತಾ, ಚಾಮರಾಜಪೇಟೆ. ಓದಿದ ಕಾಲೇಜು ಇಲ್ಲೇ ಮಲ್ಲೇಶ್ವರದಲ್ಲಂತೆ. ಪಶುವೈದ್ಯಕೀಯಕ್ಕೆ ಒಳ್ಳೆಯ ರ‍್ಯಾಂಕು ಬಂದಿತ್ತು. ಯಮುನಾ ಒಮ್ಮೆ ಒತ್ತಿ ನೋಡಿದಳು, ಅದೇ ಬಿಳಿ ಪರದೆ.

“ಆಂಟಿ, ಇನ್ನೊಂದ್ಸಲ ನೋಡ್ತೀರಾ?” ಎಂದಳು ಹುಡುಗಿ, ಕುರ್ಚಿಯ ಹಿಂದೆ ನಿಂತು.

ಇನ್ನೊಂದು ಸಲ ನೋಡಿದಳು. ಅಷ್ಟೇ. ಹಾಗಾದರೆ ನಾನು ಬೇರೆ ಕಡೆ ಹೋಗಿ ನೋಡಲೇ ಎಂದು ಹುಡುಗಿ ಕೇಳಿದಳು. ಹೊರಗೆ ಮಳೆ ಜೋರಾಗಿತ್ತು. ಒಬ್ಬಳೇ ಬಂದಿದ್ದಾಳೆ, ಪಾಪ, ಎನಿಸಿತು ಯಮುನಾಗೆ. “ಎಲ್ಲಿ ಹೋದ್ರೂ ಅಷ್ಟೇನಮ್ಮ. ಇಡೀ ಬೆಂಗಳೂರಿಗೇ ಡೌನ್. ಇಲ್ಲೇ ಫ್ಯಾನ್ ಕೆಳಗೆ ಕೂತ್ಕೋ, ಬಂದ್ರೆ ಮೊದ್ಲು ನಿಂಗೇ ಹೇಳ್ತೀನಿ” ಎಂದಳು. ಹುಡುಗಿ ನಂಬಿ ಕೂತಳು.

ಮೇನ್ ಸಿಸ್ಟಮನ್ನು ಒಮ್ಮೆ ಆರಿಸಿ ಹಚ್ಚಿ ನೋಡೋಣ ಎಂಬ ಯೋಚನೆ ಮೂರು ಗಂಟೆಯ ಹೊತ್ತಿಗೆ ಯಮುನಾಗೆ ಬಂದಿತ್ತು. ಬರಲೇ ಇಲ್ಲ ಎಂದು ಅವಳು ತನಗೆ ತಾನೇ ಎಂದೂ ಸುಳ್ಳು ಹೇಳಿಕೊಂಡಿಲ್ಲ. ಆದರೆ ಅದನ್ನು ಆರಿಸಿದರೆ ಉಳಿದ ಐದೂ ನಿಲ್ಲುತ್ತವೆ. ಒಬ್ಬರು ದುಬೈಯಲ್ಲಿದ್ದ ತಮ್ಮನ ಜೊತೆ ಮಾತಾಡುತ್ತಿದ್ದರು, ಇನ್ನೊಬ್ಬರು ಉದ್ದನೆಯ ಅರ್ಜಿಯೊಂದರ ಅರ್ಧಕ್ಕೆ ಬಂದಿದ್ದರು. ಬೆಳಿಗ್ಗೆಯಿಂದ ನೂರು ಜನರಿಗೆ ಉತ್ತರ ಹೇಳಿ ಅವಳಿಗೂ ಬೇಸತ್ತಿತ್ತು, ಊಟ ಆಗಿರಲಿಲ್ಲ. ಯಾಕೆ ಸುಮ್ಮನೆ ಎಂದುಕೊಂಡು ಬಿಟ್ಟಳು. ನಡುವೆ ಎರಡು ಸಲ ಆ ಹುಡುಗಿ ಎದ್ದು ಬಂದು, ಅದೇ ಮೆಲ್ಲನೆಯ ದನಿಯಲ್ಲಿ, ಇನ್ನೊಂದ್ಸಲ ನೋಡ್ತೀರಾ ಎಂದು ಕೇಳಿದಳು. ಕಡೆಯ ಸಲ ಯಮುನಾ ಪರದೆಯಿಂದ ತಲೆಯೆತ್ತದೆ ಇಲ್ಲಮ್ಮ ಎಂದುಬಿಟ್ಟಳು. ಐದು ಗಂಟೆ ಕಳೆದು ಹತ್ತು ನಿಮಿಷಕ್ಕೆ ಹುಡುಗಿ ಫೈಲು ಎತ್ತಿಕೊಂಡು, ಥ್ಯಾಂಕ್ಸ್ ಆಂಟಿ ಎಂದು ಮೆಟ್ಟಿಲು ಹತ್ತಿ ಹೋದಳು.

ಆರೂವರೆಗೆ ಅಂಗಡಿ ಖಾಲಿಯಾದಾಗ ಯಮುನಾ ಮೇನ್ ಸಿಸ್ಟಮನ್ನು ಆರಿಸಿ ಮತ್ತೆ ಹಚ್ಚಿದಳು. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಅವಧಿ ಮುಗಿದಿದೆ ಎಂದು ಅದರ ಮೇಲೆ ಬರೆದಿತ್ತು.

ಮಾರನೆಯ ದಿನ, ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಕೈಲಾಸ್ ಬಂದಾಗ ಅವಳು ಏನೂ ಆಗದವಳ ಹಾಗೆ ವಿಚಾರಿಸಿದಳು. ನೂಕುನುಗ್ಗಲು ತಡೆಯಲಾರದೆ ಆ ವೆಬ್‌ಸೈಟಿನವರು ಹನ್ನೆರಡು ಗಂಟೆಗೆ ಬೇರೆ ದೊಡ್ಡ ಕಂಪ್ಯೂಟರಿಗೆ ವರ್ಗವಾಗಿದ್ದರಂತೆ. ಊರಿಗೆಲ್ಲ ಹೊಸ ವಿಳಾಸ ಸಿಕ್ಕಿತ್ತು. ಇವಳ ಮೇನ್ ಸಿಸ್ಟಮ್ ಮಾತ್ರ ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡು, ಜನ ಬಿಟ್ಟುಹೋದ ಮನೆಯ ಬಾಗಿಲನ್ನು ಮಧ್ಯಾಹ್ನವೆಲ್ಲ ತಟ್ಟುತ್ತಾ ಕೂತಿತ್ತು. ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಆಗೋಗ್ತಿತ್ತು ಅಕ್ಕ, ಐದು ನಿಮಿಷದ ಕೆಲಸ ಎಂದು ಕೈಲಾಸ್ ಟೀ ಕುಡಿದು ಹೋದ.

ಬೇರೆ ಅಂಗಡಿಗೆ ಹೋದವರೆಲ್ಲ ಆಯ್ಕೆ ತುಂಬಿದ್ದರು. ಅವಳ ಮಾತು ನಂಬಿ ಕೂತವಳು ಒಬ್ಬಳೇ.

ನಾಲ್ಕನೆಯ ದಿನ ಯಮುನಾ ರಿಜಿಸ್ಟರಿನ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ಚಾಮರಾಜಪೇಟೆಗೆ ಹೋದಳು. ನನ್ನದೇ ತಪ್ಪು ಎಂದು ಬರೆದುಕೊಡುತ್ತೇನೆ, ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ, ಏನಾದರೂ ದಾರಿ ಇರಬಹುದು ಎಂದು ಬಸ್ಸಿನಲ್ಲೆಲ್ಲ ಬಾಯಿಪಾಠ ಮಾಡಿಕೊಂಡಳು. ಮಳೆ ಬಿಟ್ಟು ಚುರುಗುಟ್ಟುವ ಬಿಸಿಲು ಬಿದ್ದಿತ್ತು. ಮನೆ ಸಿಕ್ಕಿತು. ಜಗಲಿಯ ಮೇಲೆ, ಬಿಳಿ ಬನಿಯನ್ನು ತೊಟ್ಟ, ದಪ್ಪ ಮೀಸೆಯ ಒಬ್ಬರು ಪೇಪರು ಓದುತ್ತಾ ಕೂತಿದ್ದರು. ತಂತಿಯ ಮೇಲೆ ಒಂದು ಹಸಿರು ದುಪ್ಪಟ್ಟಾ ಒಣಗುತ್ತಿತ್ತು. ಮನೆಯೊಳಗಿಂದ ಒಂದು ಸದ್ದೂ ಇರಲಿಲ್ಲ.

“ಯಾರು ಬೇಕಾಗಿತ್ತಮ್ಮ?” ಎಂದರು ಅವರು.

ಅವರ ಮುಖ ನೋಡಿದ್ದೇ ಯಮುನಾಳ ಬಾಯಿಪಾಠವೆಲ್ಲ ಹಾರಿಹೋಯಿತು. ಟೈಲರ್ ಸುಬ್ಬಲಕ್ಷ್ಮಮ್ಮನವರ ಮನೆ ಇದೇನಾ ಎಂದುಬಿಟ್ಟಳು. ಆ ಹೆಸರು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಅಲ್ಲವಲ್ಲ ಎಂದರು ಅವರು. ಮನೆ ತಪ್ಪಿ ಬಂದೆ ಎಂದು ಅವಳು ತಿರುಗಿದಳು. ಆದರೆ ಅವರು ಬಿಡಲಿಲ್ಲ. ಬಿಸಿಲಲ್ಲಿ ಎಲ್ಲಿ ಅಲೀತೀರಾ, ಇರಿ ಎಂದು ಪೇಪರು ಮಡಿಚಿಟ್ಟು, ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಅವಳ ಜೊತೆಗೇ ಹೊರಟರು. ಇಸ್ತ್ರಿಯವನನ್ನು ಕೇಳಿದರು, ಹಾಲಿನ ಬೂತಿನಲ್ಲಿ ಕೇಳಿದರು, ಎರಡು ಮನೆಯ ಬಾಗಿಲು ಬಡಿದರು. ಇಲ್ಲದ ಹೆಂಗಸನ್ನು ಹುಡುಕುತ್ತಾ ಅವರು ಮುಂದೆ, ಯಮುನಾ ಹಿಂದೆ. ಮೂಲೆಯ ತನಕ ಬಂದು, ಸಿಗಲಿಲ್ಲವಲ್ಲ ತಾಯಿ ಎಂದು ನಿಜವಾಗಿ ನೊಂದುಕೊಂಡರು. ಅವಳು ಕೈ ಮುಗಿದು ಬಸ್ಸು ಹತ್ತಿದಳು. ಆ ದಾರಿಯುದ್ದಕ್ಕೂ ಹೇಳಲು ಅವಕಾಶ ಇತ್ತು. ಹೇಳಲಿಲ್ಲ.

ಅಂದಿನಿಂದ ಶುರುವಾಯಿತು. ಯಾವ ಕಂಪ್ಯೂಟರಿನಲ್ಲಿ ಪುಟ ತೆರೆಯದೆ ಬಿಳಿ ಪರದೆ ನಿಂತರೂ, ಅದರಲ್ಲಿ ತನ್ನ ಮುಖದ ಹಿಂದೆ ಇನ್ನೊಂದು ಮುಖ ಮೂಡಿದ ಹಾಗಾಗುತ್ತಿತ್ತು. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ, ಅಥವಾ ಬೇರೆ ಯಾರೋ ಇರುತ್ತಿದ್ದರು. ಹಾಡುಹಗಲಲ್ಲಿ, ಅಂಗಡಿ ತುಂಬ ಜನ ಇರುವಾಗ, ಕಿವಿಯ ಹತ್ತಿರ ಆ ಮೆಲ್ಲನೆಯ ದನಿ ಕೇಳುತ್ತಿತ್ತು. ಅದು ಬೈಯುವ ದನಿಯಾಗಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಅದು ಸುಮ್ಮನೆ ಕೇಳುವ ದನಿ, ಮರ್ಯಾದೆಯ ದನಿ. ಆ ಹುಡುಗಿ ಏನಾದಳು? ಏನಾದರೂ ಮಾಡಿಕೊಂಡಳೇ? ಒಂದು ವಾರ ಪೇಪರಿನ ಮೂಲೆಮೂಲೆ ಓದಿದಳು. ಒಮ್ಮೆ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳನ್ನು ಕಂಡು, ಅವಳ ಹಿಂದೆಯೇ ರೈಲು ಹತ್ತಿ ನಾಲ್ಕು ನಿಲ್ದಾಣ ದಾಟಿದ ಮೇಲೆ, ಇವಳಿಗಿನ್ನೂ ಹದಿನೆಂಟು, ಅವಳಿಗೆ ಈಗ ಇಪ್ಪತ್ತೆರಡಾದರೂ ಆಗಿರಬೇಕಲ್ಲ ಎಂದು ಹೊಳೆದು ಇಳಿದಳು.

ಅದಕ್ಕೂ ಮುಂಚೆ, ಆ ಮಳೆಗಾಲ ಕಳೆದು ಎರಡು ವರ್ಷಕ್ಕೆ, ಧೈರ್ಯ ಮಾಡಿ ಮತ್ತೆ ಚಾಮರಾಜಪೇಟೆಗೆ ಹೋಗಿದ್ದಳು. ಆ ಮನೆಯನ್ನು ಕೆಡವಿ ಹೊಸದಕ್ಕೆ ಪಾಯ ತೋಡಿದ್ದರು. ಬಾಡಿಗೆಗಿದ್ದವರು ಎಲ್ಲಿಗೆ ಹೋದರು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಎಲ್ಲರ ಕೈಗೂ ಫೋನು ಬಂತು, ಬ್ರೌಸಿಂಗ್ ಸೆಂಟರಿಗೆ ಜನ ಬರುವುದು ನಿಂತಿತು. ಕೊರೊನಾ ಕಾಲದಲ್ಲಿ ಮುಚ್ಚಿದ ಬಾಗಿಲನ್ನು ಯಮುನಾ ಮತ್ತೆ ತೆರೆಯಲಿಲ್ಲ. ಏಕಾಂತಯ್ಯನವರ ಮೂಲೆಗೆ ಬಂದಳು. ಯಂತ್ರ ಬದಲಾಯಿತು, ಬ್ರೌಸರು ಬದಲಾಯಿತು, ತಪ್ಪು ತೋರಿಸುವ ಸಾಲುಗಳ ಮಾತೂ ಬದಲಾಯಿತು. ಕಿವಿಯ ಹತ್ತಿರದ ದನಿಗೆ ಮಾತ್ರ ವಯಸ್ಸಾಗಲಿಲ್ಲ.

ಹೋದ ವರ್ಷ ನವೆಂಬರಿನಲ್ಲಿ ಕನ್ನಡಕ ಹಾಕಿದ, ಕೂದಲು ಮೋಟು ಕತ್ತರಿಸಿದ ಒಬ್ಬಳು ಮೇಜಿನ ಮುಂದೆ ಬಂದು ಕೂತಳು. ಅಮ್ಮನಿಗೆ ಅಪ್ಪನ ಪಿಂಚಣಿ ಬರುತ್ತದೆ, ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಎಂಬ ಪ್ರಮಾಣಪತ್ರ ಕೊಡಬೇಕು, ಆ ಪುಟ ಫೋನಿನಲ್ಲಿ ತೆರೆಯುತ್ತಲೇ ಇಲ್ಲ ಎಂದಳು. ಯಮುನಾ ನೋಡಿದಳು. ಫೋನು ತೀರಾ ಹಳೆಯದು, ಆ ಪುಟದ ಭಾರ ಹೊರುವ ಶಕ್ತಿ ಅದಕ್ಕಿರಲಿಲ್ಲ. ಮನೆಯಲ್ಲಿ ಒಂದು ಲ್ಯಾಪ್‌ಟಾಪು ಇದೆ, ಅದರಲ್ಲೂ ಏನೋ ತಪ್ಪು ತೋರಿಸುತ್ತದೆ ಎಂದಳು ಬಂದವಳು. ಅಮ್ಮನ ಮುಖ ಕ್ಯಾಮೆರಾಕ್ಕೆ ತೋರಿಸಬೇಕು, ಮಂಡಿನೋವು, ಮೆಟ್ಟಿಲಿಳಿದು ಇಲ್ಲಿಯ ತನಕ ಬರಲಾರರು. ನಾನೇ ಬರ್ತೀನಿ ಬಿಡಿ ಎಂದು ಯಮುನಾ ವಿಳಾಸ ಬರೆದುಕೊಂಡಳು. ಹೆಸರು ನಂದಿತಾ ಎಂದಾಗ ಪೆನ್ನು ಒಂದು ಕ್ಷಣ ನಿಂತಿತು. ಆದರೆ ಆ ಹೆಸರಿನವರು ಬೆಂಗಳೂರಲ್ಲಿ ಎಷ್ಟು ಜನ. ಹತ್ತಾರು ನಂದಿತಾರ ಹೆಸರು ಬರೆಯುವಾಗಲೂ ಅವಳ ಪೆನ್ನು ಹೀಗೆ ನಿಂತಿದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಸವನಗುಡಿಯ ಆ ಮನೆಯ ಮೆಟ್ಟಿಲು ಹತ್ತಿದಳು. ಮೊದಲ ಮಹಡಿಯ ಬಾಡಿಗೆ ಮನೆ, ಕಿಟಕಿಯ ತುಂಬ ಬಿಸಿಲು. ನಂದಿತಾ ಬಾಗಿಲು ತೆಗೆದಳು. ಒಳಗೆ ದಿವಾನದ ಮೇಲೆ ಕಾಲು ನೀಡಿ ಕೂತಿದ್ದ ಅವಳ ತಾಯಿ ಮುನಿಯಕ್ಕ, ಬಾರವ್ವ, ಕೂತ್ಕೋ ಎಂದರು. ಯಮುನಾ ಕೂರಲು ತಿರುಗಿದಾಗ ಎದುರು ಗೋಡೆಯ ಮೇಲಿನ ಫೋಟೋ ಕಂಡಿತು. ದಪ್ಪ ಮೀಸೆ. ಗಂಧದ ಹಾರ. ಕೆಳಗೆ ಬರೆದಿತ್ತು: ದೊಡ್ಡಬೈರಪ್ಪ. ಯಾರು ಬೇಕಾಗಿತ್ತಮ್ಮ ಎಂದು ಕೇಳಿದ ಆ ಮುಖವೇ, ಅದೇ ಕಾಳಜಿಯ ಕಣ್ಣಿನಿಂದ, ಗೋಡೆಯ ಮೇಲಿಂದ ಅವಳನ್ನು ನೋಡುತ್ತಿತ್ತು.

ಎದ್ದು ಹೋಗಿಬಿಡೋಣ ಎನಿಸಿತು ಯಮುನಾಗೆ. ಅಷ್ಟರಲ್ಲಿ ನಂದಿತಾ ಲ್ಯಾಪ್‌ಟಾಪು ತಂದು ಎದುರಿಗಿಟ್ಟು, ಕಾಫಿ ತರಲು ಒಳಗೆ ಹೋದಳು.

ಪುಟ ತೆರೆಯಲಿಲ್ಲ. ಈ ಸಂಪರ್ಕ ಸುರಕ್ಷಿತವಲ್ಲ ಎಂದಿತು ಪರದೆ. ಯಮುನಾ ವಿಳಾಸ ಓದತೊಡಗಿದಳು, ಅಕ್ಷರಗಳು ಕಣ್ಣ ಮುಂದೆ ತೇಲುತ್ತಿದ್ದವು. ಮುನಿಯಕ್ಕನಿಗೆ ಮಾತು ಬೇಕಿತ್ತು. ಈ ಮನೆಯಲ್ಲಿ ಪುಟ ತೆರೆಯುವುದು ಎಂದರೇ ನನಗೆ ಭಯ ಎಂದು ಶುರು ಮಾಡಿದರು. ಒಳಗಿನಿಂದ ನಂದಿತಾ, ಅಮ್ಮ, ಬೇಡ ಅದೆಲ್ಲ ಎಂದಳು. ಮುನಿಯಕ್ಕ ದನಿ ತಗ್ಗಿಸಿದರು, ನಿಲ್ಲಿಸಲಿಲ್ಲ.

ಮಗಳು ಪಶುವೈದ್ಯೆ ಆಗಲಿ ಎಂದು ಅಪ್ಪನ ಆಸೆ. ಊರಲ್ಲಿ ಇದ್ದಾಗ ದನ ಸಾಕಿ ಬೆಳೆದವರು ಅವರು. ಮಗಳು ಮೊದಮೊದಲು ಒಲ್ಲೆ ಎಂದಿದ್ದಳು, ಮನೆಯಲ್ಲಿ ಒಂದು ವಾರ ಜಗಳ. ಕಡೆಯ ದಿನ ತಾನೇ ಫೈಲು ತೆಗೆದುಕೊಂಡು ಹೋದಳು. ಸಂಜೆ ಬಂದು ಪುಟ ತೆರೆಯಲಿಲ್ಲ ಎಂದಳು. ಪಕ್ಕದ ಮನೆಯ ಹುಡುಗ ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ತುಂಬಿ ಬಂದಿದ್ದ.

“ಎಲ್ಲರಿಗೂ ತೆರೆದ ಪುಟ ನಿನಗೊಬ್ಬಳಿಗೆ ತೆರೀಲಿಲ್ವಾ ಅಂದ್ರು” ಎಂದರು ಮುನಿಯಕ್ಕ. “ಅಷ್ಟೇ ಕಣವ್ವ. ಹೊಡೀಲಿಲ್ಲ, ಬೈಲಿಲ್ಲ. ಅವಳ ಹತ್ರ ಮಾತು ಬಿಟ್ರು. ಏನಾದ್ರೂ ಹೇಳ್ಬೇಕಾದ್ರೆ ನನ್ನ ಕೈಲಿ ಹೇಳಿಸ್ತಿದ್ರು. ಆರು ವರ್ಷ. ಹಂಗೇ ಹೋಗ್ಬಿಟ್ರು.”

ಯಮುನಾ ಪರದೆಯ ಮೂಲೆ ನೋಡಿದಳು. ಲ್ಯಾಪ್‌ಟಾಪಿನ ತಾರೀಖು ಎಂಟು ತಿಂಗಳು ಹಿಂದೆ ಇತ್ತು. ಬಹಳ ದಿನ ಮುಟ್ಟದೆ ಇಟ್ಟು ಅದರ ಗಡಿಯಾರ ಕೆಟ್ಟಿತ್ತು. ಇಂದಿನ ತಾರೀಖು ಹಾಕಿದಳು, ಪುಟ ತೆರೆಯಿತು. ಆಗಲೇ ಹೇಳಿಬಿಡಬಹುದಿತ್ತು. ಆದರೆ ಮೊದಲೇ ಹೇಳಿದರೆ ಇವರು ತನ್ನನ್ನು ಹೊರಗೆ ಕಳಿಸಬಹುದು, ಆಗ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂದು ಅವಳಿಗೆ ಹೆದರಿಕೆಯಾಯಿತು. ಮುನಿಯಕ್ಕನ ಮುಖಕ್ಕೆ ಕ್ಯಾಮೆರಾ ತಿರುಗಿಸಿದಳು. ಕಣ್ಣು ಮಿಟುಕಿಸಿ ಅಮ್ಮ ಎಂದಳು. ಅವರು ಮಿಟುಕಿಸಿದರು. ಅರ್ಜಿ ಹೋಯಿತು, ಸ್ವೀಕರಿಸಿದ್ದೇವೆ ಎಂದು ಉತ್ತರ ಬಂತು. ನಂದಿತಾ ಕಾಫಿ ತಂದಿಟ್ಟು, ಕೊಡಬೇಕಾದದ್ದು ಎಷ್ಟು ಎಂದು ಕೇಳಿದಳು.

ಯಮುನಾ ಲ್ಯಾಪ್‌ಟಾಪು ಮುಚ್ಚಿದಳು. “ಆ ಅಂಗಡಿ ನಂದು” ಎಂದಳು.

ಇಬ್ಬರಿಗೂ ಅರ್ಥವಾಗಲಿಲ್ಲ. ಆಗ ಅವಳು ಮೊದಲಿಂದ ಹೇಳಿದಳು. ನೆಲಮಾಳಿಗೆ, ಮಳೆ, ಬಿಳಿ ಪರದೆ, ಹಳೆಯ ವಿಳಾಸ ಇಟ್ಟುಕೊಂಡು ಕೂತ ಯಂತ್ರ, ಆರೂವರೆಗೆ ಐದು ನಿಮಿಷದಲ್ಲಿ ತೆರೆದ ಪುಟ. ಯೋಚನೆ ಬಂದೂ ಮಾಡದೆ ಬಿಟ್ಟಿದ್ದು. ಊಟ ಆಗಿರಲಿಲ್ಲ ಎಂಬುದನ್ನು ಹೇಳಲಿಲ್ಲ. ಅದು ನೆವದ ಹಾಗೆ ಕೇಳಿಸುತ್ತದೆ ಎನಿಸಿತು. ನಂದಿತಾ ಕಾಫಿ ಲೋಟ ಹಿಡಿದು ನಿಂತೇ ಇದ್ದಳು. ಅವಳ ಕಣ್ಣು ಯಮುನಾಳ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು.

“ನೀವು ಆ ಆಂಟಿನಾ?” ಎಂದಳು ಕಡೆಗೆ. “ನಾನು ಬೇರೆ ಅಂಗಡಿಗೆ ಹೋಗ್ತೀನಿ ಅಂದಿದ್ನಾ? ನಿಜ ಹೇಳಿ.”

“ನೀನು ಅಂದಿದ್ದೆ. ನಾನೇ ಕೂರಿಸಿದ್ದು.”

ನಂದಿತಾ ನೆಲದ ಮೇಲೆ ಕೂತಳು. ಅಪ್ಪ ಹಾಗೆ ಹೇಳಿದ ಮೇಲೆ ವರ್ಷ ಕಳೆದ ಹಾಗೆಲ್ಲ ತನ್ನ ಮೇಲೆ ತನಗೇ ಗುಮಾನಿ ಬಂದುಬಿಟ್ಟಿತ್ತು ಎಂದಳು. ನಾನು ಎದ್ದು ಬೇರೆ ಕಡೆ ಯಾಕೆ ಹೋಗಲಿಲ್ಲ? ಮನಸ್ಸಿನ ಒಳಗೆಲ್ಲೋ ತೆರೆಯದಿರಲಿ ಎಂದೇ ಕೂತಿದ್ದೆನೇ? ಅಪ್ಪನೇ ಸರಿಯೇನೋ ಎಂದು ಎಷ್ಟೋ ಸಲ ಅನಿಸಿದೆ. ಹೋಗ್ತೀನಿ ಎಂದು ಕೇಳಿದ್ದು ನಿಜವೋ, ಆಮೇಲೆ ತಾನೇ ಕಟ್ಟಿಕೊಂಡದ್ದೋ ತಿಳಿಯದೆ ಹೋಗಿತ್ತು. ಇಷ್ಟನ್ನೂ ಅವಳು ಯಾರ ಕಡೆಗೂ ನೋಡದೆ, ಲೋಟದೊಳಗೆ ನೋಡುತ್ತಾ ಹೇಳಿದಳು.

ಇನ್ನೊಂದು ಉಳಿದಿತ್ತು. ಅದನ್ನು ಹೇಳದೆ ಹೋಗುವ ಹಾಗಿರಲಿಲ್ಲ. ನಾಲ್ಕನೆಯ ದಿನ ಮನೆಗೆ ಬಂದದ್ದನ್ನು, ಜಗಲಿಯ ಮೇಲೆ ಅವರನ್ನು ಕಂಡದ್ದನ್ನು, ಸುಳ್ಳು ಹೆಸರು ಹೇಳಿದ್ದನ್ನು ಯಮುನಾ ಹೇಳಿದಳು. ಮುನಿಯಕ್ಕ ಮುಂದಕ್ಕೆ ಬಗ್ಗಿದರು.

“ಟೈಲರ್ ಸುಬ್ಬಲಕ್ಷ್ಮಮ್ಮ” ಎಂದರು ಅವರೇ.

ಯಮುನಾ ತಲೆಯಾಡಿಸಿದಳು.

“ಆವತ್ತು ಒಳಗೆ ಬಂದು ಹೇಳಿದ್ರು, ಯಾರೋ ಹೆಂಗಸು ಪಾಪ ಬಿಸಿಲಲ್ಲಿ ಅಲೀತಿದ್ಲು, ಮುಖ ಬಾಡಿಹೋಗಿತ್ತು ಅಂತ. ಒಂದು ವಾರ ಸಿಕ್ಕಿದವರನ್ನೆಲ್ಲ ಕೇಳಿದ್ರು. ಆ ಹೆಂಗಸು ಮತ್ತೆ ಬಂದ್ರೆ ಮನೆ ತೋರಿಸೋಣ ಅಂತ.” ಮುನಿಯಕ್ಕ ಗೋಡೆಯ ಕಡೆ ನೋಡಿದರು. “ಮಗಳು ಪಕ್ಕದ ಕೋಣೇಲಿ ಅಳ್ತಾ ಕೂತಿದ್ಲು. ಅವಳ ಮುಖ ನೋಡ್ಲಿಲ್ಲ ಅವರು.”

ಬೀದಿಯಲ್ಲಿ ಸೊಪ್ಪಿನವನೊಬ್ಬ ಕೂಗುತ್ತಾ ಹೋದ. ಆಮೇಲೆ ಮುನಿಯಕ್ಕ ಮಂಡಿಯ ಮೇಲೆ ಕೈಯೂರಿ ಎದ್ದರು. ನಂದಿತಾ ಹಿಡಿಯಲು ಬಂದರೆ ಬೇಡ ಎಂದು ಕೈ ಅಡ್ಡ ಮಾಡಿ, ಗೋಡೆ ಹಿಡಿದುಕೊಂಡು ಫೋಟೋದ ಮುಂದೆ ಹೋಗಿ ನಿಂತರು.

“ಕೇಳಿಸ್ಕೊಂಡ್ರಾ” ಎಂದರು. “ಮಗು ಸುಳ್ಳು ಹೇಳಿರ್ಲಿಲ್ಲ.”

ಯಮುನಾಗೆ ಆ ಕ್ಷಣದಲ್ಲಿ ಆ ಕೋಣೆಯಲ್ಲಿ ನಾಲ್ವರಿದ್ದೇವೆ ಎನಿಸಿತು. ಫೋಟೋದ ಗಾಜಿನಲ್ಲಿ ಕಿಟಕಿಯ ಬಿಳಿ ಬೆಳಕು ಬಿದ್ದು ಮುಖ ಅಳಿಸಿಹೋಗಿತ್ತು, ಮೀಸೆ ಮಾತ್ರ ಕಾಣುತ್ತಿತ್ತು. ಉತ್ತರ ಬರುತ್ತದೇನೋ ಎಂಬಂತೆ ಮುನಿಯಕ್ಕ ನಿಂತೇ ಇದ್ದರು.

ನಂದಿತಾ ಅವಳನ್ನು ಮೆಟ್ಟಿಲ ತನಕ ಬಿಡಲು ಬಂದಳು. ಈಗ ಮಲ್ಲೇಶ್ವರದಲ್ಲೇ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಕೆಲಸ ಚೆನ್ನಾಗಿದೆ, ದನದ ಡಾಕ್ಟರು ಆಗಲಿಲ್ಲ ಎಂದು ಈಗೇನೂ ದುಃಖವಿಲ್ಲ ಎಂದಳು. ಆಮೇಲೆ ಕಂಬಿ ಹಿಡಿದುಕೊಂಡು ನಿಂತಳು. “ನಿಮ್ಮ ಮೇಲೆ ನಂಗೆ ಸಿಟ್ಟು ಬರ್ಬೇಕಿತ್ತು. ಇನ್ನೂ ಬಂದಿಲ್ಲ. ಬರುತ್ತೆ ಅನ್ಸುತ್ತೆ.”

ಹನ್ನೊಂದು ದಿನಕ್ಕೆ ಅದು ಬಂತು. ಮಧ್ಯಾಹ್ನ ಅಂಗಡಿಯಲ್ಲಿ ಇರುವಾಗ ಫೋನು ಬಂತು. ಯಮುನಾ ಹೊರಗೆ ಬಂದು, ಸಂಪಿಗೆ ಮರದ ಕೆಳಗೆ ನಿಂತು ಕೇಳಿದಳು. ಪುಟ ತೆರೆಯದ್ದಕ್ಕಲ್ಲ, ಅದು ಯಾರಿಗೆ ಬೇಕಾದರೂ ಆಗುತ್ತದೆ ಎಂದಳು ನಂದಿತಾ. ಮನೆ ಬಾಗಿಲಿಗೆ ಬಂದು, ಅಪ್ಪನ ಜೊತೆ ಇಡೀ ಬೀದಿ ನಡೆದು, ಬಾಯಿ ಬಿಡದೆ ಹೋದದ್ದಕ್ಕೆ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಆರು ವರ್ಷ ಅಪ್ಪ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದರು ಎಂದಳು. ಅಳುತ್ತಾ, ಬೈಯುತ್ತಾ ಅವಳು ಬಹಳ ಹೊತ್ತು ಮಾತಾಡಿದಳು. ಯಮುನಾ ಹೂಂ, ಹೂಂ ಎನ್ನುತ್ತಾ ಕೇಳಿದಳು, ಫೋನು ಇಡಲಿಲ್ಲ. ಕಡೆಗೆ ನಂದಿತಾಳೇ ಇಟ್ಟಳು.

ಅಂದು ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಶಿವಶಂಕರನಿಗೆ ಅವಳು ಎಲ್ಲವನ್ನೂ ಹೇಳಿದಳು. ಅವನು ಕೈ ನಿಲ್ಲಿಸಿ ಕೇಳಿದ. ಇಷ್ಟು ವರ್ಷ ಹಗಲು ಹೊತ್ತಲ್ಲೇ ಬೆಚ್ಚಿ ಬೀಳ್ತಿದ್ದೆಯಲ್ಲ, ಇದಕ್ಕಾ ಎಂದ. ಹೂಂ ಎಂದಳು. ಸಮಾಧಾನ ಮಾಡಲು ಅವನಿಗೆ ಬರುವುದಿಲ್ಲ. ಒಂದಿಷ್ಟು ಕಾಯಿ ಅವಳ ಮುಂದೆ ಸರಿಸಿದ, ಇಬ್ಬರೂ ಬಿಡಿಸಿದರು.

ದನಿ ನಿಂತಿತೇ ಎಂದರೆ, ಆ ಹುಡುಗಿಯದು ನಿಂತಿತು. ಅದರ ಜಾಗಕ್ಕೆ ಈಗ ಬೇರೆ ಬಂದಿದೆ. ಚಾಮರಾಜಪೇಟೆಯ ಕಡೆ ಹೋದಾಗಲೆಲ್ಲ ಮುಂದೆ ಯಾರೋ ಚಪ್ಪಲಿ ಸದ್ದು ಮಾಡುತ್ತಾ, ಮನೆಯಿಂದ ಮನೆಗೆ ವಿಚಾರಿಸುತ್ತಾ ಹೋಗುತ್ತಿರುವಂತೆ ಅವಳಿಗೆ ಅನಿಸುತ್ತದೆ. ಅವಳು ಅವಸರ ಮಾಡದೆ ಹಿಂದೆಯೇ ನಡೆಯುತ್ತಾಳೆ.

ಈ ವರ್ಷದ ನವೆಂಬರಿನಲ್ಲಿ ನಂದಿತಾ ಬರುತ್ತಾಳೋ ಇಲ್ಲವೋ ಎಂದು ಯಮುನಾ ದಿನ ಎಣಿಸುತ್ತಿದ್ದಳು. ಎರಡನೆಯ ವಾರ ಅಂಗಡಿಯ ಮುಂದೆ ಒಂದು ಆಟೋ ನಿಂತಿತು. ಮುನಿಯಕ್ಕ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಟ್ಟೆಯ ಚೀಲ ಹಿಡಿದು ಇಳಿದರು. ಏಕಾಂತಯ್ಯ ಓಡಿಹೋಗಿ ಕೈ ಕೊಟ್ಟರು. ಅವರು ಕುರ್ಚಿಯಲ್ಲಿ ಕೂತು ಏದುಸಿರು ಇಳಿಸಿಕೊಂಡರು.

“ಅವಳು ಬರಲ್ವಂತೆ” ಎಂದರು ಆಮೇಲೆ. “ನಿನ್ನ ಮುಖ ನೋಡಕ್ಕಾಗಲ್ವಂತೆ. ನಂಗಾಗುತ್ತೆ, ನಾನು ಬಂದೆ.”

ಯಮುನಾ ಅವರಿಗೆ ನೀರು ಕೊಟ್ಟು, ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿ, ಪುಟ ತೆರೆಯಲು ಒತ್ತಿದಳು. ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ಅದು ತೆರೆದುಕೊಳ್ಳತೊಡಗಿತು. ಮುನಿಯಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.